ಕುಲುಮೆಯ ಊರು ಭದ್ರಾವತಿ

ಶಿವಮೊಗ್ಗೆಯಿಂದ ತರೀಕೆರೆಯ ಕಡೆಗೆ ಹೊರಟ ಪ್ರಯಾಣಿಕನಿಗೆ ಸ್ವಲ್ಪ ಹೊತ್ತಿನಲ್ಲಿಯೇ ಭದ್ರಾ ನದಿಯ ದಡದ ಭದ್ರಾವತಿ ಎದುರಾಗುತ್ತದೆ. ಹಿಂದೆ ಈ ಊರಿಗೆ ಬೆಂಕಿಪುರವೆಂದು ಹೆಸರು. ಹೆಸರಿನಲ್ಲಿದ್ದ ಬೆಂಕಿ ಹೋಯಿತು. ಆದರೆ 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿಕೊಂಡು, ನಿಜವಾದ ಬೆಂಕಿ ಊರಿನ ನಡುವೆಯೇ ನೆಲೆಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಕಂಡ ಕನಸು ಅದು. 1923ರಿಂದ 1929ರವರೆಗೆ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಅದನ್ನು ನಡೆಸಿ ನಿಲ್ಲಿಸಿದವರೂ ಅವರೇ.

ಕೆಮ್ಮಣ್ಣುಗುಂಡಿಯೆಂದರೆ ವಾಚಕರಿಗೆ ತಂಪು ಗಾಳಿಯೂ ಹೂದೋಟಗಳೂ ನೆನಪಾಗಬಹುದು. ನಮಗಾದರೋ ಅದು ಅದಿರಿನ ಗಣಿ. ಬೆಟ್ಟದ ಕೆಂಪು ಅದಿರು ತೊಟ್ಟಿಗಳಲ್ಲಿ ಕುಳಿತು, ಉಕ್ಕಿನ ಹಗ್ಗದ ಮೇಲೆ ತೂಗಾಡುತ್ತ ಕೆಳಗಿಳಿಯುತ್ತಿತ್ತು. ಅದಿರು ಇತ್ತು, ಸುಣ್ಣಕಲ್ಲು ಇತ್ತು, ನದಿಯ ನೀರೂ ಇತ್ತು; ಇಲ್ಲದಿದ್ದುದು ಕಲ್ಲಿದ್ದಲು ಮಾತ್ರ. ಆ ಕೊರತೆಯನ್ನು ತುಂಬಿದ್ದು ಮಲೆನಾಡಿನ ಕಾಡು. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಸುಟ್ಟು ಇದ್ದಿಲು ಮಾಡಿದರು. ಹೊಗೆಯನ್ನೂ ವ್ಯರ್ಥವಾಗಿ ಬಿಡದೆ ತಂಪುಗೊಳಿಸಿ ಮದ್ಯಸಾರ, ಟಾರುಗಳನ್ನು ತೆಗೆದರು. 1952ರಲ್ಲಿ ವಿದ್ಯುತ್ ಕುಲುಮೆಗಳು ಬಂದ ಮೇಲೆ ಕಾಯಿಸುವ ಕೆಲಸವನ್ನು ವಿದ್ಯುಚ್ಛಕ್ತಿಯೇ ವಹಿಸಿಕೊಂಡಿತು. ಒಂದು ಸೇರು ಕಬ್ಬಿಣದ ಹಿಂದೆ ಎಷ್ಟು ಮರ, ಎಷ್ಟು ನೀರು!

ನಾನು ಕೆಲಸಕ್ಕೆ ಸೇರಿದ್ದು 1960ರ ದಶಕದ ಕೊನೆಯಲ್ಲಿ, ಆ ಕುಲುಮೆಗಳ ಬಳಿಯಲ್ಲಿ. ಕುಲುಮೆಯ ಬಾಯಿಗೆ ಜೇಡಿಮಣ್ಣಿನ ಬಿರಡೆ. ಅದನ್ನು ಕೊರೆದೊಡನೆ ಕರಗಿದ ಬೀಡು ಕಬ್ಬಿಣ ಮರಳಿನ ಕಾಲುವೆಯಲ್ಲಿ ಹರಿದು ಬರುತ್ತಿತ್ತು. ಹಗುರವಾದ ಕಿಟ್ಟ ಮೇಲೆ ತೇಲುತ್ತಿತ್ತು. ಮೊದಲ ವಾರವೇ ನಾನು ಮೂಲೆಯಲ್ಲಿದ್ದ ಸಲಾಕೆಯೊಂದನ್ನು ಎತ್ತಿಕೊಳ್ಳಲು, ನಮ್ಮ ಮೇಸ್ತ್ರಿಗಳು ತಟ್ಟನೆ ಕಸಿದುಕೊಂಡರು.

“ಮೊದಲು ಕಾಯಿಸು ತಮ್ಮಾ. ಒಂದು ಹನಿ ನೀರಿದ್ದರೂ ಕಬ್ಬಿಣ ಸಿಡಿಯುತ್ತದೆ.”

ನೀರು ಕ್ಷಣದಲ್ಲಿ ಆವಿಯಾಗಿ ಉಬ್ಬುವುದೇ ಆ ಸಿಡಿತಕ್ಕೆ ಕಾರಣವೆಂದು ಪುಸ್ತಕಗಳಲ್ಲಿ ಓದಿದ್ದು ಆಮೇಲೆ. ಶಾಲೆಯನ್ನು ಹೆಚ್ಚು ಕಾಣದ ಆ ಹಿರಿಯರು, ಹಾರುವ ಕಿಡಿಗಳನ್ನೂ ಹರಿವಿನ ಬಣ್ಣವನ್ನೂ ನೋಡಿಯೇ ಕಬ್ಬಿಣದ ಗುಣ ಹೇಳುತ್ತಿದ್ದರು. ಪ್ರಯೋಗಶಾಲೆಯ ಚೀಟಿ ಬರುವುದು ಅನಂತರ.

ಊರಿಗೆ ಗಡಿಯಾರವೆಂದರೆ ಕಾರ್ಖಾನೆಯ ಕೂಗು. ಅದನ್ನು ಕೇಳಿಯೇ ಗೃಹಿಣಿಯರು ಅನ್ನಕ್ಕೆ ಎಸರಿಡುತ್ತಿದ್ದರು, ಮಕ್ಕಳು ಶಾಲೆಗೆ ಓಡುತ್ತಿದ್ದರು. ರಾತ್ರಿ ಪಾಳಿಯವನು ಮಲಗಿದ ಮನೆಯಲ್ಲಿ ಹಗಲೆಲ್ಲ ಪಿಸುಮಾತು. ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಒಂದೇ ನಲ್ಲಿಯ ಮುಂದೆ ಸಾಲು ನಿಲ್ಲುತ್ತಿದ್ದವು.

ಕಾಲ ಬದಲಾಯಿತು. 1989ರಲ್ಲಿ ಕಾರ್ಖಾನೆ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಹೋಯಿತು. 2023ರ ಜನವರಿಯಲ್ಲಿ, ಊದುಕುಲುಮೆ ಹೊತ್ತಿದ ನೂರನೆಯ ವರ್ಷದಲ್ಲಿಯೇ, ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಿತು. ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಅದೇ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತೆಂದು ಕೇಳಿ ನನ್ನಂಥ ಮುದುಕರೂ ಹಿಗ್ಗಿದೆವು.

ಲಾಭ ನಷ್ಟಗಳ ಲೆಕ್ಕವನ್ನು ತಿಳಿದವರು ನೋಡಲಿ. ಹಣವಿದ್ದರೆ ಯಂತ್ರಗಳನ್ನು ಮತ್ತೆ ಕೊಳ್ಳಬಹುದು. ಆದರೆ ಹೊಸಬನ ಕೈಯಿಂದ ಒದ್ದೆ ಸಲಾಕೆಯನ್ನು ಕಸಿದುಕೊಳ್ಳುವ ಹಿರಿಯನೊಬ್ಬ ತಯಾರಾಗಲು ಇಪ್ಪತ್ತು ವರ್ಷ ಬೇಕು. ಕಲಿಯಲು ಪಕ್ಕದಲ್ಲಿ ಕಿರಿಯನೊಬ್ಬನೂ ಬೇಕು. ಆ ಸಾಲು ಒಮ್ಮೆ ಕಡಿದರೆ ಅದನ್ನು ಬೆಸೆಯುವ ಕುಲುಮೆ ಎಲ್ಲಿಯೂ ಇಲ್ಲ.