ಚಿಮ್ಮದ ನೀರು

ಶಿರಾಡಿ ಘಾಟಿಯಲ್ಲಿ ಮಳೆ ಸುರಿಯುವ ಹೊತ್ತಿಗಿಂತ ನಿಂತ ಮೇಲಿನ ಅರ್ಧ ಗಂಟೆ ಕಷ್ಟ. ಸುರಿವ ಮಳೆ ಗಾಜನ್ನು ತಾನೇ ತೊಳೆಯುತ್ತದೆ. ನಿಂತಿತೋ, ಮುಂದಿನ ಟ್ಯಾಂಕರಿನ ಚಕ್ರ ಕೆಂಪು ರಾಡಿ ಎರಚುತ್ತದೆ; ವೈಪರ್ ಅದನ್ನು ಒರೆಸುವ ಬದಲು ಗಾಜಿನ ತುಂಬ ಸಾರಿಸುತ್ತದೆ. ಆಗ ಸ್ಟೇರಿಂಗ್ ಪಕ್ಕದ ಕಡ್ಡಿ ಎಳೆದರೂ ನೀರು ಚಿಮ್ಮದಿದ್ದರೆ ಕಾರಿನಲ್ಲಿದ್ದವರೆಲ್ಲ ಮೆಕ್ಯಾನಿಕ್ಕುಗಳಾಗುತ್ತಾರೆ. "ಮೋಟರ್ ಸತ್ತಿದೆ" ಎಂಬುದು ಸರ್ವಾನುಮತದ ತೀರ್ಪು.

ಸಾವನ್ನು ಖಚಿತಪಡಿಸಿಕೊಳ್ಳಲು ಕಣ್ಣು ಬೇಡ, ಕಿವಿ ಸಾಕು. ಗಾಡಿಯನ್ನು ಪಕ್ಕಕ್ಕೆ ಹಾಕಿ, ಎಂಜಿನ್ ಆರಿಸಿ, ಕೀ ಮಾತ್ರ ಆನ್ ಇಟ್ಟು, ಹಾಡು, ಫ್ಯಾನು, ಹಿಂದಿನ ಸೀಟಿನ ಮಾತು ಎಲ್ಲವನ್ನೂ ನಿಲ್ಲಿಸಬೇಕು. (ಕಡೆಯದು ಸುಲಭವಲ್ಲ.) ಕಡ್ಡಿ ಎಳೆದಾಗ ವೈಪರಿನ ಸದ್ದಿನ ಜೊತೆಗೆ ಬಾನೆಟ್ಟಿನ ಕಡೆಯಿಂದ 'ಗೊಂಯ್' ಅಂದರೆ ಮೋಟರು ಬದುಕಿದೆ, ಫ್ಯೂಸೂ ಸ್ವಿಚ್ಚೂ ನೆಟ್ಟಗಿವೆ. ಸದ್ದೇ ಇಲ್ಲವೆಂದರೆ ಮೊದಲು ಫ್ಯೂಸು, ಆಮೇಲೆ ಪಂಪಿನ ಕನೆಕ್ಟರಿಗೆ ಹಿಡಿದ ಕಿಲುಬು. ಅಲ್ಲಿಯವರೆಗೆ 12 ವೋಲ್ಟ್ ಬಂದೂ ಪಂಪು ಮಿಸುಕದಿದ್ದರೆ ಎಳ್ಳುನೀರು ಬಿಡಬಹುದು. ಹಿಂದಿನ ಗಾಜಿಗೂ ನೀರು ಹಾರಿಸುವ ಎಷ್ಟೋ ಸಣ್ಣ ಕಾರುಗಳಲ್ಲಿ ಪಂಪು ಒಂದೇ: ಮೋಟರು ಒಂದು ಕಡೆಗೆ ತಿರುಗಿದರೆ ನೀರು ಮುಂದಕ್ಕೆ, ಇನ್ನೊಂದು ಕಡೆಗೆ ತಿರುಗಿದರೆ ಹಿಂದಕ್ಕೆ. ಅಂಥ ಕಾರಿನಲ್ಲಿ ಹಿಂದೆ ನೀರು ಬಂದರೆ ಮೋಟರಿನ ಮೇಲಿನ ಅನುಮಾನ ಬಿಟ್ಟುಬಿಡಿ.

ಸದ್ದಿದ್ದೂ ನೀರಿಲ್ಲದಿದ್ದರೆ, ಡಬ್ಬಿಯಲ್ಲಿ ನೀರಿದೆಯೇ ಎಂದು ನೋಡಬೇಕು. ಕಾರಿನವರನ್ನು ಕೇಳಿದರೆ ಅವಮಾನವೆಂದುಕೊಳ್ಳುತ್ತಾರೆ. ನಾನು ಕೇಳದೆಯೇ ಬಾನೆಟ್ಟು ಎತ್ತುತ್ತೇನೆ. ಖಾಲಿ ಡಬ್ಬಿಯನ್ನಿಟ್ಟುಕೊಂಡು ಕಡ್ಡಿ ಎಳೆಯುತ್ತಲೇ ಇದ್ದರೆ ಬದುಕಿರುವ ಮೋಟರೂ ಸುಡುತ್ತದೆ. ನೀರು ತುಂಬಿದರೆ ಕಾರಿನ ಕೆಳಗೆ ಸೋರುತ್ತದೆಯೇ? ಇಲಿ ಕೊಳವೆ ಕಡಿದಿರಬಹುದು, ಇಲ್ಲವೇ ಬಾನೆಟ್ಟಿನ ಕೀಲಿನ ಹತ್ತಿರ ಅದು ಮಡಿಸಿ ಮಡಿಸಿ ಸೀಳಿರಬಹುದು.

ನಮ್ಮ ಬಯಲುಸೀಮೆಯಲ್ಲಿ ನನ್ನ ಮೊದಲ ಅನುಮಾನ ಮಾತ್ರ ಬೋರ್‌ವೆಲ್ ನೀರಿನ ಮೇಲೆ. ಬಕೆಟ್ಟಿಗೂ ನಲ್ಲಿಗೂ ಬಿಳಿ ಪೊರೆ ಕಟ್ಟುವ ಗಡಸು ನೀರು ಗುಂಡುಸೂಜಿ ಗಾತ್ರದ ನಾಜಲ್ಲನ್ನು ಬಿಟ್ಟೀತೆ? ಬಾನೆಟ್ಟಿನ ಬಿಸಿಗೆ ನೀರು ಆರಿ, ಸುಣ್ಣ ಉಳಿಯುತ್ತದೆ. ಅದಕ್ಕೆ ಬಟ್ಟೆ ಸೋಪಿನ ಪುಡಿ ಬೆರೆಸುವವರು ಬೇರೆ! ಕರಗದ ಪುಡಿಯೂ ಅಲ್ಲೇ ಹೋಗಿ ಕೂರುತ್ತದೆ. ಸಪೂರ ಸೂಜಿಯಿಂದ ಮೆಲ್ಲಗೆ ಕೆದಕಿ, ಎರಡು ಹನಿ ವಿನೆಗರ್ ಬಿಟ್ಟು ಕಾಯ್ದರೆ ಸಾಮಾನ್ಯವಾಗಿ ದಾರಿ ಬಿಡುತ್ತದೆ. ಸೂಜಿಯನ್ನು ಜೋರಾಗಿ ತಿರುವಿದರೆ ನಾಜಲ್ಲಿನ ಗುರಿ ತಪ್ಪಿ, ನೀರು ಗಾಜನ್ನು ದಾಟಿ ಹಿಂದೆ ಬರುವ ಬೈಕಿನವನಿಗೆ ಸಿಂಪಡಣೆಯಾಗುತ್ತದೆ.

ನಾನು ಈಗ ತುಂಬುವುದು ಮನೆಯ ಎ.ಸಿ. ತೊಟ್ಟಿಕ್ಕಿಸುವ ನೀರನ್ನು, ಬಟ್ಟೆಯಲ್ಲಿ ಸೋಸಿ. ಗಾಳಿಯ ತೇವವೇ ನೀರಾದದ್ದು; ಸುಣ್ಣದ ಕಾಟವಿಲ್ಲ. ದುಡ್ಡು ಕೊಟ್ಟು ಡಿಸ್ಟಿಲ್ಡ್ ವಾಟರ್ ತರುವ ನಮ್ಮ ಭಾವನವರು ಇದನ್ನು ಜಿಪುಣತನ ಅನ್ನುತ್ತಾರೆ. ಅವರ ಕಾರಿನಲ್ಲೂ ನೀರು ಚೆನ್ನಾಗಿಯೇ ಚಿಮ್ಮುತ್ತದೆ, ಇಲ್ಲವೆನ್ನುವುದಿಲ್ಲ. ನನ್ನದರಲ್ಲಿ ಪುಕ್ಕಟೆ ಚಿಮ್ಮುತ್ತದೆ.