ಮೇಷ್ಟರ ಚೀಟಿ

ನಮ್ಮ ಬಡಾವಣೆಯ ವಾಚನಾಲಯಕ್ಕೆ ನಾನು ಖಜಾಂಚಿ. ಈ ಪದವಿ ನನಗೆ ದೊರೆತದ್ದು ಯೋಗ್ಯತೆಯಿಂದಲ್ಲ, ಸಭೆಗೆ ತಡವಾಗಿ ಹೋದದ್ದರಿಂದ. ಆದರೂ ಎಂಟು ವರ್ಷ ನಿಶ್ಚಿಂತೆಯಿಂದ ಕಳೆದೆ. ಲೆಕ್ಕವನ್ನು ನಿಜವಾಗಿ ನೋಡಿಕೊಳ್ಳುತ್ತಿದ್ದವರು ನಮ್ಮ ಮೇಷ್ಟರು. ನಿವೃತ್ತಿಯಾದ ಮೇಲೆ ಜಾವಾ ಭಾಷೆ ಕಲಿತು, ವಾಚನಾಲಯಕ್ಕೆಂದೇ ಒಂದು ಪ್ರೋಗ್ರಾಂ ಬರೆದಿದ್ದರು. ಎಕ್ಸೆಲ್ ಹಾಳೆಯಲ್ಲಿ ತುಂಬಿಟ್ಟ ಹೆಸರು, ಚಂದಾ, ಎರವಲು ಹೋದ ಪುಸ್ತಕ ಎಲ್ಲವನ್ನೂ ಓದಿ, ಯಾರಿಂದ ಎಷ್ಟು ಬರಬೇಕೆಂಬ ಪಟ್ಟಿಯನ್ನು ಅದು ಒಂದು ನಿಮಿಷದಲ್ಲಿ ಒಪ್ಪಿಸುತ್ತಿತ್ತು. ನಾನು ರುಜು ಹಾಕುತ್ತಿದ್ದೆ.

ಮೇಷ್ಟರು ಮಾಘಮಾಸದಲ್ಲಿ ತೀರಿಕೊಂಡರು. ವಾರ್ಷಿಕ ಸಭೆಗೆ ಎರಡೇ ದಿನ ಇರುವಾಗ ಅವರ ಮಗಳು ಬಂದು, ಒಂದು ಪೆನ್ ಡ್ರೈವನ್ನೂ, ಮದುವೆಯ ಕರೆಯೋಲೆಯ ಬೆನ್ನಿನ ಮೇಲೆ ಬರೆದಿದ್ದ ಒಂದು ಚೀಟಿಯನ್ನೂ ಕೊಟ್ಟು, "ನಿಮಗೇ ಕೊಡಬೇಕು ಅಂದಿದ್ರು, ಮಾಮ" ಎಂದಳು. ಚೀಟಿಯನ್ನು ಜೇಬಿಗೆ ಹಾಕಿಕೊಂಡೆ. ಅವರ ಅಕ್ಷರ ನೋಡುವ ಧೈರ್ಯ ಆಗ ಇರಲಿಲ್ಲ.

ಅವರು ಹೇಗೆ ನಡೆಸುತ್ತಿದ್ದರೆಂಬುದನ್ನು ಪಕ್ಕದಲ್ಲಿ ಕಾಫಿ ಕುಡಿಯುತ್ತ ನೋಡಿದ್ದೆನಷ್ಟೆ. ಕಪ್ಪು ಕಿಟಕಿಯೊಂದನ್ನು ತೆರೆದು, ಇಲಿಯನ್ನು ಮುಟ್ಟದೆ, ಒಂದು ಸಾಲು ಬರೆದು ಗುಂಡಿ ಒತ್ತುತ್ತಿದ್ದರು. ನಾನೂ ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಕಿಟಕಿ ತೆರೆದು "ಜಾವಾ ಪಟ್ಟಿ" ಎಂದು ಬರೆದೆ. 'ಪಟ್ಟಿ' ಎಂಬುದು ಮೇಷ್ಟರು ಪ್ರೋಗ್ರಾಮಿಗೆ ಇಟ್ಟ ಹೆಸರು. ಉತ್ತರವಾಗಿ ಹತ್ತು ಸಾಲು ಬೈಗುಳ ಬಂತು. ಬೆಂಗಳೂರಿನಲ್ಲಿರುವ ತಮ್ಮನ ಮಗನಿಗೆ ಫೋನು ಮಾಡಿ ಓದಿ ಹೇಳಿದೆ.

"ಲೈಬ್ರರಿ ಸಿಗ್ತಿಲ್ಲ ಅಂತಿದೆ, ದೊಡ್ಡಪ್ಪ."

"ಸಿಗದೇ ಏನೋ? ಬಾಗಿಲ ಮೇಲೆ ಬೋರ್ಡೇ ಇದೆಯಲ್ಲ!"

ಅವನು ನಕ್ಕು ವಿವರಿಸಿದ. ಎಕ್ಸೆಲ್ ಹಾಳೆಯನ್ನು ಓದುವ ವಿದ್ಯೆ ಜಾವಾಕ್ಕೆ ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಬೇರೆ ಯಾರೋ ಬರೆದು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟಿದ್ದಾರೆ. ಅಪಾಚೆ ಪಿಒಐ ಎಂದು ಅದರ ಹೆಸರು. ಅಂಥದನ್ನೇ ಲೈಬ್ರರಿ ಎನ್ನುತ್ತಾರೆ. ಅದು 'ಜಾರ್' ಎಂಬ ಕಡತಗಳಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ಜಾರ್ ಎಂದರೆ ನಮ್ಮ ಉಪ್ಪಿನಕಾಯಿಯ ಜಾಡಿ. ಒಳಗೆ ನೋಡಿದರೆ ಜಿಪ್ ಮಾಡಿದ ಗಂಟು. ಮೇಷ್ಟರು ಇಂಥ ಹಲವು ಜಾಡಿಗಳನ್ನು 'ಲಿಬ್' ಎಂಬ ಒಳಕೋಣೆಯಲ್ಲಿ ಸಾಲಾಗಿ ಇಟ್ಟಿದ್ದರು. ಪಿಒಐ ಒಂದೇ ಸಾಲದು, ಅದಕ್ಕೆ ಬೇಕಾದ ಬೇರೆ ಜಾಡಿಗಳೂ ಇರಬೇಕಂತೆ. ನೆಂಟರು ತಮ್ಮ ನೆಂಟರನ್ನೂ ಕರೆತರುವ ಹಾಗೆ.

ಜಾಡಿ ಎಲ್ಲಿದೆ ಎಂದು ಜಾವಾಕ್ಕೆ ಹೇಳಬೇಕು. ಹೇಳದಿದ್ದರೆ ಅದು ನಿಂತ ಕೋಣೆಯಲ್ಲಿ ಮಾತ್ರ ಹುಡುಕುತ್ತದೆ. ಹೇಳುವುದಕ್ಕೆ 'ಸಿಪಿ' ಎಂಬ ಸಂಕೇತ. ಕ್ಲಾಸ್‌ಪಾತ್ ಎಂಬುದರ ಮೊಟಕು ರೂಪ. ಕೋಣೆಯ ಹೆಸರಿನ ಮುಂದೆ ನಕ್ಷತ್ರ ಹಾಕಿದರೆ ಅಲ್ಲಿರುವ ಜಾಡಿಗಳಷ್ಟೂ ಬಂದವು. ಈ ಸೌಕರ್ಯ 2006ರ ಆರನೆಯ ಜಾವಾದಿಂದ ಬಂದದ್ದು. ಅದಕ್ಕೆ ಮುಂಚೆ ಒಂದೊಂದರ ಹೆಸರನ್ನೂ ಬರೆಯಬೇಕಾಗಿತ್ತು.

ಹಾಗೆಯೇ ಬರೆದೆ. ಈಗ ಬೈಗುಳ ಬದಲಾಯಿತು. 'ಪಟ್ಟಿ'ಯೇ ಕಾಣುವುದಿಲ್ಲವಂತೆ! ಒಂದು ನಿಮಿಷದ ಕೆಳಗೆ ಕಂಡಿತ್ತಲ್ಲ? ಹುಡುಗ ಹೇಳಿದ: ಬೇರೆ ಕೋಣೆಯನ್ನು ತೋರಿಸಿದೊಡನೆ ಜಾವಾ ಅಲ್ಲಿ ಮಾತ್ರ ಹುಡುಕುತ್ತದೆ, ತಾನು ನಿಂತ ಕೋಣೆಯನ್ನು ಬಿಟ್ಟುಬಿಡುತ್ತದೆ. "ಇಲ್ಲಿಯೂ ನೋಡು" ಎನ್ನಬೇಕಾದರೆ ಒಂದು ಚುಕ್ಕೆ ಇಡಬೇಕು.

"ನೀವು ಕನ್ನಡಕ ಹುಡುಕೋದೂ ಹಾಗೇ ಅಲ್ವೇ" ಎಂದಳು ನನ್ನಾಕೆ, ಒಳಗಿನಿಂದ.

ಚುಕ್ಕೆಯನ್ನು ಎಲ್ಲಿಡಬೇಕು, ಮುಂದೆ ಏನು ಬರಬೇಕು? ಕೇಳುವಷ್ಟರಲ್ಲಿ ಫೋನು ಕಡಿದುಹೋಯಿತು. ಕೊನೆಗೆ ಜೇಬಿನಿಂದ ಚೀಟಿ ತೆಗೆದೆ. ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ಅದೇ ಗುಂಡು ಅಕ್ಷರ. ಇಡೀ ಸಾಲು ಅಲ್ಲಿತ್ತು: ಸಿಪಿ, ಚುಕ್ಕೆ, ಕೋಲನ್, ಲಿಬ್, ನಕ್ಷತ್ರ, ಪಟ್ಟಿ. ನೋಡಿಕೊಂಡು ಬರೆದೆ. ಮತ್ತೆ ಬೈಗುಳ! ಎಂಟು ವರ್ಷದಲ್ಲಿ ಮೊದಲ ಸಲ ಮೇಷ್ಟರ ಲೆಕ್ಕ ತಪ್ಪಿತೆ? ಮನಸ್ಸಿಗೆ ಏನೋ ಆಯಿತು. ಚೀಟಿಯನ್ನು ಮಡಿಸಲು ಹೋದಾಗ ಮೂಲೆಯಲ್ಲಿ ಪೆನ್ಸಿಲಿನ ಸಾಲೊಂದು ಕಂಡಿತು: "ನಿಮ್ಮದು ವಿಂಡೋಸ್. ಕೋಲನ್ ಬೇಡ, ಸೆಮಿಕೋಲನ್."

ಅವರದು ಲಿನಕ್ಸ್, ಅಲ್ಲಿ ಹಾದಿ ಹಾದಿಯ ನಡುವೆ ಕೋಲನ್. ವಿಂಡೋಸಿನಲ್ಲಿ 'ಸಿ' ಡ್ರೈವಿನ ಹೆಸರಿನ ಜೊತೆಗೇ ಕೋಲನ್ ಅಂಟಿಕೊಂಡಿರುವುದರಿಂದ, ಬೇರ್ಪಡಿಸುವ ಕೆಲಸಕ್ಕೆ ಸೆಮಿಕೋಲನ್. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮೇಷ್ಟರಿಗೆ ಮೊದಲೇ ತಿಳಿದಿತ್ತು. ನನ್ನ ಮೇಜಿನ ಮೇಲೆ ಯಾವ ಯಂತ್ರವಿದೆ ಎಂಬುದನ್ನೂ ಅವರು ನೆನಪಿಟ್ಟುಕೊಂಡಿದ್ದರು, ಆಸ್ಪತ್ರೆಗೆ ಹೋಗುವ ಮುನ್ನ.

ಸೆಮಿಕೋಲನ್ ಇಟ್ಟೆ. ಪಟ್ಟಿ ಇಳಿಯತೊಡಗಿತು. ನಲವತ್ತೊಂದನೆಯ ಹೆಸರು ಅವರದೇ: ಚಂದಾ ಸಂದಾಯ, ಬಾಕಿ ಇಲ್ಲ.

ಭಾನುವಾರ ಕಾರ್ಯದರ್ಶಿಗಳು ಆ ಹೆಸರಿನ ಮೇಲೆ ಬೆರಳಿಟ್ಟು, "ಇದನ್ನು ತೆಗೆಯೋಣವೆ?" ಎಂದರು.

"ವರ್ಷ ಇನ್ನೂ ಮುಗಿದಿಲ್ಲ, ಇರಲಿ" ಎಂದೆ. ರುಜು ಹಾಕಿದೆ.