ಬಾಗಿಲಲ್ಲೇ ಶುರುವಾಗುವ ತಪಾಸಣೆ

ಫರೀದಾಬಾದ್

ಪ್ರೀತಿಯ ಶಾರದಕ್ಕ,

ನಿಮ್ಮ ಪತ್ರ ಸಿಕ್ಕಿತು. ಪಾರ್ಶ್ವವಾಯು ಬಡಿದ ಅತ್ತೆಯನ್ನು ಮನೆಗೆ ಕರೆತಂದು, ಅಡುಗೆ, ತೋಟದ ಆಳುಗಳು, ಮಕ್ಕಳ ಪರೀಕ್ಷೆ ಎಲ್ಲದರ ನಡುವೆ ನೀವೊಬ್ಬರೇ ನಿಭಾಯಿಸುತ್ತಿದ್ದೀರಿ. ಶಿರಸಿ ಇಲ್ಲಿಂದ ಇಷ್ಟು ದೂರ ಇಲ್ಲದಿದ್ದರೆ ಒಂದು ರಾತ್ರಿಯಾದರೂ ನಾನು ಅತ್ತೆಯ ಹತ್ತಿರ ಕೂತು ನಿಮಗೆ ನಿದ್ದೆ ಮಾಡಿ ಎನ್ನುತ್ತಿದ್ದೆ.

ಆರೋಗ್ಯ ಉಪಕೇಂದ್ರದ ಸಿಸ್ಟರ್ ಬಂದುಹೋದ ಸಂಗತಿ ಬರೆದಿದ್ದೀರಿ. ಮಂಚದ ಪಕ್ಕ ಸ್ವಲ್ಪ ಹೊತ್ತು ಸುಮ್ಮನೆ ನಿಂತರು, ಅತ್ತೆಯ ಹತ್ತಿರ ಅಡಿಕೆ ಕೊಯ್ಲಿನ ಸುದ್ದಿ ತೆಗೆದರು, ಹೊದಿಕೆ ಸರಿಸಿ ಪಾದ ನೋಡಿದರು, ಕೊನೆಗೆ ಬಿಪಿ ನೋಡಿ ಬರೆದುಕೊಂಡು ಹೊರಟರು. ‘ಬಿಪಿ ಮಷೀನು ನಮ್ಮ ಮನೆಯಲ್ಲೇ ಇದೆಯಲ್ಲ, ಇದಕ್ಕೆ ಅವರು ಯಾಕೆ ಬರಬೇಕು’ ಎಂದು ಭಾವ ಕೇಳಿದರಂತೆ. ಅವರಿಗೂ ಇದನ್ನು ಓದಿ ಹೇಳಿ.

ಆ ಸಿಸ್ಟರ್ ಸುಮ್ಮನೆ ನಿಂತಿರಲಿಲ್ಲ ಅಕ್ಕ. ಮಂಚದ ಪಕ್ಕ ನಿಂತವರು ಉಸಿರು ಎಣಿಸಿರುತ್ತಾರೆ. ಅಡಿಕೆ ಸುದ್ದಿ ತೆಗೆದದ್ದು ಅತ್ತೆಯ ಮಾತು ಎಷ್ಟು ಸ್ಪಷ್ಟವಾಗಿದೆ, ಬಾಯಿಯ ಒಂದು ಬದಿ ಜೋಲುತ್ತಿದೆಯೇ, ಒಂದು ವಾಕ್ಯ ಮುಗಿಸುವಷ್ಟರಲ್ಲಿ ದಮ್ಮು ಕಟ್ಟುತ್ತದೆಯೇ, ಈಗ ಯಾವ ತಿಂಗಳಲ್ಲಿದ್ದೇವೆಂಬ ಅರಿವಿದೆಯೇ ಎಂದು ನೋಡುವುದಕ್ಕೆ. ಪಾದ ನೋಡಿದ್ದು ಬಾವು ಇದೆಯೇ, ಹಿಮ್ಮಡಿಯ ಚರ್ಮ ಕೆಂಪಾಗಿದೆಯೇ ಎಂದು ತಿಳಿಯಲಿಕ್ಕೆ. ನನ್ನ ಹಾಗೆ ಮನೆಗೆ ಹೋಗುವ ನರ್ಸ್ ಬ್ಯಾಗು ತೆರೆಯುವ ಮೊದಲೇ ಅರ್ಧ ಕೆಲಸ ಮುಗಿಸಿರುತ್ತಾಳೆ.

ಹೋದ ಚಳಿಗಾಲದ ಒಂದು ಪ್ರಸಂಗ ಹೇಳುತ್ತೇನೆ. ಇಲ್ಲಿ ಫರೀದಾಬಾದಿನಲ್ಲಿ ಎನ್‌ಐಟಿ ಎಂಬ ಹಳೆಯ ಭಾಗವಿದೆ. ದೇಶವಿಭಜನೆಯ ನಂತರ ವಾಯವ್ಯ ಗಡಿಪ್ರಾಂತದಿಂದ ಬಂದ ನಿರಾಶ್ರಿತರಿಗಾಗಿ ಕಟ್ಟಿದ ಬಡಾವಣೆ. ಅಲ್ಲೊಬ್ಬ ಹಿರಿಯರ, ನಾನು ಬಾಬೂಜಿ ಎಂದು ಕರೆಯುವವರ, ಮನೆಗೆ ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಲು ಹೋಗುತ್ತಿದ್ದೆ. ನನ್ನನ್ನು ಕಂಡೊಡನೆ ‘ಮದ್ರಾಸಿ ಬೇಟಿ ಬಂದಳು, ಚಹಾ ಇಡು’ ಎಂದು ಹೆಂಡತಿಗೆ ಕೂಗುವುದು ಅವರ ರೂಢಿ. ಕರ್ನಾಟಕದವಳು ಎಂದು ಎಷ್ಟು ಸಲ ಹೇಳಿದರೂ ನಾನು ಅವರಿಗೆ ಮದ್ರಾಸಿಯೇ. ಆ ದಿನ ಕೂಗಲಿಲ್ಲ. ರಜಾಯಿ ಹೊದ್ದು ಕೂತವರು ನನ್ನ ಮುಖ ನೋಡಿದರು, ಅಷ್ಟೇ. ಜ್ವರವಿಲ್ಲ, ಬಿಪಿ ಎಂದಿನಂತೆ. ‘ರಾತ್ರಿಯೆಲ್ಲ ತೀರಿಹೋದ ಅಣ್ಣನನ್ನು ಕರೆಯುತ್ತಿದ್ದರು, ಬೆಳಿಗ್ಗೆ ಚಹಾ ಅರ್ಧಕ್ಕೇ ಬಿಟ್ಟರು’ ಎಂದರು ಅವರ ಹೆಂಡತಿ ಮಾತಾಜಿ. ಮಧುಮೇಹಿಯ ಮನಸ್ಸು ಮಂಕಾದರೆ ಮೊದಲು ಸಕ್ಕರೆ ಇಳಿದಿದೆಯೇ ಎಂದು ನೋಡಬೇಕು. ಬೆರಳು ಚುಚ್ಚಿ ನೋಡಿದೆ, ಇಳಿದಿರಲಿಲ್ಲ. ಆಮೇಲೆ ನಾಡಿ ಹಿಡಿದವಳ ಹಾಗೆ ಕೈ ಹಿಡಿದು, ರಜಾಯಿ ಏಳುವುದನ್ನೂ ಇಳಿಯುವುದನ್ನೂ ಎಣಿಸಿದೆ. ಉಸಿರು ಎಣಿಸುತ್ತಿದ್ದಾರೆಂದು ಗೊತ್ತಾದರೆ ಯಾರಿಗಾದರೂ ಉಸಿರಾಟ ಬದಲಾಗುತ್ತದೆ, ಅದಕ್ಕೇ ಈ ಉಪಾಯ. ಪೂರ್ತಿ ಒಂದು ನಿಮಿಷಕ್ಕೆ 28. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರಿನಲ್ಲಿ 91.

ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20ರೊಳಗೆ ಇರಬೇಕು. ದೇಹ ಹದಗೆಡುವಾಗ ಮೊದಲು ಏರುಪೇರಾಗುವುದು ಬಹಳ ಸಲ ಉಸಿರೇ. ತಪಾಸಣೆಯಲ್ಲಿ ಎಲ್ಲರೂ ಹಾರಿಸಿಬಿಡುವುದೂ ಅದನ್ನೇ. ಬಿಪಿ ಮಷೀನು ಅದನ್ನು ತೋರಿಸುವುದಿಲ್ಲ, ಕೂತು ಎಣಿಸಬೇಕು, ಒಂದು ನಿಮಿಷ ಬೇಕು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಅಪಾಯ ಅಳೆಯುವ ಒಂದು ಅಂಕಪಟ್ಟಿ ಹೊರತಂದಿತು. ಉಸಿರು 25 ಮುಟ್ಟಿದರೆ ಅದರಲ್ಲಿ ಮೂರು ಅಂಕ, ಆಮ್ಲಜನಕ 91ಕ್ಕೆ ಇಳಿದರೆ ಮೂರು. 2017ರಲ್ಲಿ ಪಟ್ಟಿಯನ್ನು ತಿದ್ದಿದಾಗ ಹೊಸದಾಗಿ ಕಾಣಿಸಿಕೊಂಡ ಗೊಂದಲಕ್ಕೂ ಮೂರು ಕೊಟ್ಟರು. ಏಳು ಬಂದರೆ ತುರ್ತು. ಬಾಬೂಜಿಗೆ ಈ ಮೂರರಿಂದಲೇ ಒಂಬತ್ತು. ವಯಸ್ಸಾದವರಲ್ಲಿ ಸೋಂಕು ಎಷ್ಟೋ ಸಲ ಜ್ವರವಾಗಿ ಬರುವುದೇ ಇಲ್ಲ. ಊಟ ಬಿಡುತ್ತಾರೆ, ಬೀಳುತ್ತಾರೆ, ಹೆಸರು ತಪ್ಪಿ ಕರೆಯುತ್ತಾರೆ. ಮನೆಯವರು ‘ವಯಸ್ಸಾಯಿತು’ ಅಂದುಕೊಳ್ಳುತ್ತಾರೆ.

ಬಾಬೂಜಿಯ ಮಗನೂ ಹಾಗೇ ಅಂದುಕೊಂಡಿದ್ದ. ‘ಹೊರಗೆ ಮಂಜು ಕವಿದಿದೆ ಸಿಸ್ಟರ್, ನಾಳೆ ಬೆಳಿಗ್ಗೆ ನೋಡೋಣ’ ಎಂದ. ನಾನು ಅವನನ್ನು ಮಂಚದ ಪಕ್ಕ ಕೂರಿಸಿ, ಗಡಿಯಾರ ಕೊಟ್ಟು, ನೀನೇ ಎಣಿಸು ಎಂದೆ. ಎಣಿಸಿ ಮುಗಿಸುವ ಹೊತ್ತಿಗೆ ಅವನ ಮುಖ ಬದಲಾಯಿತು, ಕಾರಿನ ಕೀಲಿ ತೆಗೆದುಕೊಂಡ. ನ್ಯುಮೋನಿಯಾ ಆಗಿತ್ತು. ಬಾಬೂಜಿ ಈಗ ಚೆನ್ನಾಗಿದ್ದಾರೆ, ನಾನು ಇನ್ನೂ ಮದ್ರಾಸಿಯಾಗಿಯೇ ಇದ್ದೇನೆ.

ಇದು ಬರೀ ಅನುಭವದ ಮಾತು ಎನ್ನುವವರಿದ್ದಾರೆ. ಆದರೆ ಮನೆಬಾಗಿಲಿನ ಈ ನೋಟಕ್ಕೆ ಎಷ್ಟು ಬೆಲೆಯಿದೆ ಎಂದು ಅಳೆದು ನೋಡಿದ ದೊಡ್ಡ ಪರೀಕ್ಷೆಯೊಂದು ನಡೆದದ್ದು ನಮ್ಮ ಫರೀದಾಬಾದ್ ಜಿಲ್ಲೆಯಲ್ಲೇ. ಅದರಲ್ಲಿ ನೋಡಿದ್ದು ವಯಸ್ಸಾದವರನ್ನಲ್ಲ, ಎಳೆಮಕ್ಕಳನ್ನು. ಆರಿಸಿಕೊಂಡದ್ದು 11 ಲಕ್ಷ ಜನರಿದ್ದ, 18 ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪ್ರದೇಶ. ಒಂಬತ್ತು ಕೇಂದ್ರಗಳ ವ್ಯಾಪ್ತಿಯಲ್ಲಿ ಐಎಂಎನ್‌ಸಿಐ ಎಂಬ ಪದ್ಧತಿ ತಂದರು, ಉಳಿದ ಒಂಬತ್ತರಲ್ಲಿ ಎಂದಿನ ಸೇವೆ ನಡೆಯಿತು. ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಹೋಗಿ ಮಗುವನ್ನು ನೋಡಬೇಕು. ನರ್ಸುಗಳು, ವೈದ್ಯರು ಕಾಯಿಲೆಯ ಮಗುವನ್ನು ಒಂದೇ ಕ್ರಮದಲ್ಲಿ ತಪಾಸಣೆ ಮಾಡಿ ಚಿಕಿತ್ಸೆ ಕೊಡಬೇಕು ಇಲ್ಲವೇ ಮೇಲಿನ ಆಸ್ಪತ್ರೆಗೆ ಕಳಿಸಬೇಕು. ಊರಲ್ಲಿ ಹೆಂಗಸರ ಸಭೆ ಸೇರಬೇಕು. ಎರಡೂ ಕಡೆ ಸೇರಿ 60 ಸಾವಿರದಷ್ಟು ಹೆರಿಗೆಗಳ ಲೆಕ್ಕವಿಟ್ಟರು. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಬಂತು: ಪದ್ಧತಿ ಇದ್ದ ಕಡೆ ವರ್ಷದೊಳಗಿನ ಶಿಶುಮರಣ ಶೇ. 15ರಷ್ಟು ಕಡಿಮೆ. ಹುಟ್ಟಿದ ಮೊದಲ 24 ಗಂಟೆ ದಾಟಿದ ಮೇಲಿನ ನವಜಾತ ಸಾವು ಶೇ. 14ರಷ್ಟು ಕಡಿಮೆ. ಮನೆಯಲ್ಲೇ ಹುಟ್ಟಿದ ಮಕ್ಕಳಿಗೆ ಆದ ಲಾಭ ಇನ್ನೂ ಹೆಚ್ಚು. ಮೊದಲ ದಿನದ ಸಾವು ಹೆರಿಗೆ ಕೋಣೆಯ ಪ್ರಶ್ನೆ, ಅದನ್ನು ಮನೆಭೇಟಿಯ ಮೇಲೆ ಹೊರಿಸಬಾರದು. ಉಳಿದ ದಿನಗಳಲ್ಲಿ ಜೀವ ಉಳಿಸಿದ್ದರಲ್ಲಿ ಬಾಗಿಲು ತಟ್ಟಿ ಒಳಬಂದ ಹೆಣ್ಣುಮಗಳ ಕಣ್ಣಿಗೂ ಪಾಲಿದೆ.

ಆ ಪದ್ಧತಿಯಲ್ಲೂ ಉಸಿರು ಎಣಿಸುವುದು ಮುಖ್ಯ. ಮಗು ಅಳುತ್ತಿರಬಾರದು, ಮೊಲೆ ಕುಡಿಯುತ್ತಿರಬಾರದು. ತಾಯಿಯ ತೊಡೆಯ ಮೇಲೆ ಅಂಗಿ ಮೇಲೆತ್ತಿ ಹೊಟ್ಟೆ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಮಗುವಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಮುಟ್ಟಿದರೆ ಅದು ವೇಗದ ಉಸಿರು. ಎರಡು ತಿಂಗಳೊಳಗಿನ ಕೂಸಿನಲ್ಲಿ 60 ಮುಟ್ಟಿದರೆ ಇನ್ನೊಮ್ಮೆ ಎಣಿಸಬೇಕು, ಎಳೆಗೂಸಿನ ಉಸಿರು ಒಂದೇ ಸಮ ಇರುವುದಿಲ್ಲ. ಸಿಕ್ಕಿದ್ದನ್ನು ಮೂರು ಬಣ್ಣಗಳಲ್ಲಿ ಇಡುತ್ತಾರೆ: ಗುಲಾಬಿ ಅಂದರೆ ಈಗಲೇ ಆಸ್ಪತ್ರೆಗೆ, ಹಳದಿ ಅಂದರೆ ಇಲ್ಲೇ ಚಿಕಿತ್ಸೆ ಕೊಟ್ಟು ಮತ್ತೆ ನೋಡುವುದು, ಹಸಿರು ಅಂದರೆ ಮನೆಯಲ್ಲೇ ಆರೈಕೆ.

ನಿಮ್ಮ ಅತ್ತೆಯಂಥವರಿಗೆ ಇಂಥ ಬಣ್ಣದ ಪಟ್ಟಿಯನ್ನು ನರ್ಸಿನ ಕೈಗೆ ಯಾರೂ ಕೊಟ್ಟಿರುವುದಿಲ್ಲ. ಅದನ್ನು ಅವಳು ಮನಸ್ಸಿನಲ್ಲೇ ಇಟ್ಟುಕೊಂಡು ಓಡಾಡುತ್ತಾಳೆ. ಗುಲಾಬಿ ಕಷ್ಟವಲ್ಲ, ಹಸಿರೂ ಕಷ್ಟವಲ್ಲ. ಜೀವ ಹಿಂಡುವುದು ಹಳದಿ. ಇವತ್ತು ಬಿಟ್ಟು ನಾಳೆ ನೋಡಬಹುದೇ? ನಾಳೆ ಯಾರು ನೋಡುತ್ತಾರೆ? ಎರಡು ಮನೆಗಳಲ್ಲಿ ಅಂಕಿ ಅಷ್ಟೇ, ಕಾಯಿಲೆ ಅದೇ. ಒಂದು ಮನೆಯಲ್ಲಿ ಸೊಸೆ ರಾತ್ರಿ ಎದ್ದು ನೋಡುತ್ತಾಳೆ, ಬಾಗಿಲಿಗೆ ಕಾರು ಬರುತ್ತದೆ. ಇನ್ನೊಂದರಲ್ಲಿ ಮುದುಕ ಮುದುಕಿ ಇಬ್ಬರೇ, ಮೂರನೇ ಮಹಡಿ, ಲಿಫ್ಟಿಲ್ಲ, ಮಕ್ಕಳು ಕೆನಡಾದಲ್ಲಿ. ಮೊದಲನೆಯವರನ್ನು ಮನೆಯಲ್ಲಿ ಬಿಡುತ್ತೇನೆ, ಎರಡನೆಯವರನ್ನು ಹಗಲಿರುವಾಗಲೇ ಆಸ್ಪತ್ರೆಗೆ ಕಳಿಸುತ್ತೇನೆ. ರೋಗಿಯನ್ನು ನೋಡುವಾಗ ಮೆಟ್ಟಿಲನ್ನೂ, ಅಡುಗೆಮನೆಯನ್ನೂ, ಔಷಧಿಯ ಹೆಸರು ಓದಬಲ್ಲವರು ಯಾರಿದ್ದಾರೆ ಎಂಬುದನ್ನೂ ನೋಡದೆ ಮನೆಯ ನರ್ಸ್ ತೀರ್ಮಾನಕ್ಕೆ ಬರುವಂತಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಇದ್ದಾಗ ನನಗೆ ಇದರ ಅಂದಾಜೇ ಇರಲಿಲ್ಲ.

ತೀರ್ಮಾನವನ್ನು ಡಾಕ್ಟರಿಗೆ ಮುಟ್ಟಿಸುವುದು ಇನ್ನೊಂದು ಕೆಲಸ. ‘ಸರ್, ಅಜ್ಜ ಸ್ವಲ್ಪ ಡಲ್ ಆಗಿದ್ದಾರೆ’ ಎಂದು ಫೋನಿನಲ್ಲಿ ಹೇಳಿದರೆ ‘ಡ್ರಿಪ್ ಹಾಕಿ ನೋಡಿ’ ಎಂಬ ಉತ್ತರ ಬರುತ್ತದೆ. ಯಾರು, ಹಿಂದಿನ ಕಾಯಿಲೆ ಏನು, ನಿನ್ನೆ ಹೇಗಿದ್ದರು, ಇವತ್ತು ಎಣಿಸಿದ್ದು ಎಷ್ಟು, ನನಗೆ ಏನಾಗಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಆ ಕಡೆಯವರು ಎದ್ದು ಕೂರುತ್ತಾರೆ. ನರ್ಸಿಂಗ್ ಓದುವ ಹುಡುಗಿಯರಿಗೆ ಇಂಜೆಕ್ಷನ್ ಕಲಿಸಿದಷ್ಟೇ ಶ್ರದ್ಧೆಯಿಂದ ಇದನ್ನೂ ಕಲಿಸಬೇಕು. ಒಂದು ವಿಷಯಕ್ಕೆ ನನಗೆ ಸಿಟ್ಟು ಬರುತ್ತದೆ: ದುಡ್ಡು ಉಳಿಸಲೆಂದು ತರಬೇತಿಯೇ ಇಲ್ಲದ ಹುಡುಗಿಗೆ ಬಿಳಿ ಕೋಟು ತೊಡಿಸಿ ನರ್ಸ್ ಎಂದು ಮನೆಗಳಿಗೆ ಕಳಿಸುವ ಏಜೆನ್ಸಿಗಳಿವೆ. ಆ ಹುಡುಗಿಯರ ತಪ್ಪೇನಿಲ್ಲ. ರಾತ್ರಿ ಎರಡು ಗಂಟೆಗೆ ಅವರನ್ನು ಅಂಥ ತೀರ್ಮಾನದ ಎದುರು ಒಂಟಿಯಾಗಿ ನಿಲ್ಲಿಸುವುದು ಅನ್ಯಾಯ. ಮನೆಗೆ ಯಾರನ್ನಾದರೂ ಇಟ್ಟುಕೊಳ್ಳುವುದಾದರೆ ನರ್ಸಿಂಗ್ ಕೌನ್ಸಿಲಿನ ನೋಂದಣಿ ಕೇಳಿ, ಅದರಲ್ಲಿ ಸಂಕೋಚ ಬೇಡ. ನಿಮ್ಮ ಊರಿಗೆ ಬರುವವರು ಬಹುಶಃ ಸಮುದಾಯ ಆರೋಗ್ಯ ಅಧಿಕಾರಿ ಇರಬೇಕು. 2018ರಿಂದ ಉಪಕೇಂದ್ರಗಳಲ್ಲಿ ನರ್ಸಿಂಗ್ ಓದಿದವರನ್ನು ಆ ಹುದ್ದೆಗೆ ತೆಗೆದುಕೊಳ್ಳುತ್ತಿದ್ದಾರೆ. ಈಗ ಬೋರ್ಡಿನಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಎಂದಿರುತ್ತದೆ.

ಅತ್ತೆಗೆ ಮರೆವು ಶುರುವಾಗಿದೆಯೋ ಎಂದು ಕೇಳಿದ್ದೀರಿ. ಇದಕ್ಕೂ ನಮ್ಮ ಜಿಲ್ಲೆಯಲ್ಲೇ ಉತ್ತರವಿದೆ. ಇಲ್ಲಿನ ಬಲ್ಲಭಗಢದ ಹಳ್ಳಿಗಳಲ್ಲಿ ದೆಹಲಿಯ ಏಮ್ಸ್ 1965ರಿಂದ ಗ್ರಾಮೀಣ ಆರೋಗ್ಯ ಯೋಜನೆ ನಡೆಸುತ್ತಿದೆ. ತೊಂಬತ್ತರ ದಶಕದಲ್ಲಿ ಆ ಹಳ್ಳಿಗಳಲ್ಲಿ 55 ದಾಟಿದ 5,126 ಮಂದಿಯ ನೆನಪಿನ ಶಕ್ತಿಯನ್ನು ಪರೀಕ್ಷಿಸಿದರು. ಮುಕ್ಕಾಲು ಪಾಲು ಜನರಿಗೆ ಓದು ಬರಹ ಬಾರದು. ಅಮೆರಿಕದಿಂದ ಬಂದ ಪ್ರಶ್ನೆಪಟ್ಟಿಯಲ್ಲಿ ನೂರರಿಂದ ಏಳೇಳು ಕಳೆಯುತ್ತ ಹೋಗಿ, ಒಂದು ವಾಕ್ಯ ಬರೆಯಿರಿ ಎಂದಿತ್ತು. ಇದನ್ನು ಕೇಳಿದರೆ ಚುರುಕಾಗಿರುವ ಅಜ್ಜಿಯೂ ಮರೆವಿನ ರೋಗಿ ಎನಿಸಿಕೊಳ್ಳುತ್ತಾಳೆ. ಆದ್ದರಿಂದ ವಾರದ ದಿನಗಳನ್ನು ಕೊನೆಯಿಂದ ಮೊದಲಿಗೆ ಹೇಳಿಸಿದರು, ಬರೆಯುವ ಬದಲು ನಿಮ್ಮ ಮನೆಯ ಬಗ್ಗೆ ಹೇಳಿ ಎಂದರು. ಮನೆಯವರನ್ನೂ ಕೇಳಿದರು: ಊಟ ಮಾಡಿದ್ದನ್ನು ಮರೆಯುತ್ತಾರೆಯೇ, ಊರೊಳಗೆ ದಾರಿ ತಪ್ಪುತ್ತಾರೆಯೇ, ಹಬ್ಬಗಳ ನೆನಪಿದೆಯೇ. ಅತ್ತೆಗೆ ತಾರೀಕು ಕೇಳಬೇಡಿ ಅಕ್ಕ. ಚೌತಿ ಮುಗಿಯಿತೋ ಇನ್ನೂ ಬರಬೇಕೋ ಕೇಳಿ. ಉತ್ತರ ತಪ್ಪಿದ್ದರಿಂದ ಏನೂ ಆಗುವುದಿಲ್ಲ. ಹೋದ ವಾರ ಸರಿ ಹೇಳಿದವರು ಈ ವಾರ ತಪ್ಪಿದರೆ ನನಗೆ ಚಿಂತೆ.

ಅದಕ್ಕೇ ಒಂದು ನೋಟ್‌ಬುಕ್ ಇಡಿ. ಅತ್ತೆ ಚೆನ್ನಾಗಿರುವ ದಿನವೇ ಬರೆಯಬೇಕು: ನಿದ್ದೆಯಲ್ಲಿ ಉಸಿರು ಎಷ್ಟು, ಎಷ್ಟು ಗಂಜಿ ಕುಡಿಯುತ್ತಾರೆ, ಯಾವ ಕೈ ಎಷ್ಟು ಮೇಲೇಳುತ್ತದೆ, ಮೂತ್ರದ ಬಣ್ಣ ಹೇಗಿದೆ, ಯಾರ ಹೆಸರು ಹಿಡಿದು ಕರೆಯುತ್ತಾರೆ. ಸಿಸ್ಟರ್ ತಿಂಗಳಿಗೊಮ್ಮೆ ಬರುವವರು. ಮೊದಲು ಹೇಗಿದ್ದರು ಎಂಬುದು ಅವರಿಗೆ ನಿಮ್ಮಿಂದಲೇ ಸಿಗಬೇಕು. ‘ಯಾಕೋ ಇವತ್ತು ಸರಿ ಇಲ್ಲ’ ಎಂದು ನಿಮಗೆ ಅನ್ನಿಸಿದರೆ ಅದನ್ನೂ ನಾಚದೆ ಹೇಳಿ. ಮಾತಾಜಿ ಅರ್ಧ ಬಿಟ್ಟ ಚಹಾದ ಮಾತು ಎತ್ತದಿದ್ದರೆ ಬಾಬೂಜಿಯ ರಜಾಯಿಯ ಕಡೆ ನಾನು ಅಷ್ಟು ಹೊತ್ತು ನೋಡುತ್ತಿದ್ದೆನೋ ಇಲ್ಲವೋ.

ಪತ್ರದ ಕೊನೆಯಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ: ಸೊಂಟದ ಹಿಂದೆ ಸ್ವಲ್ಪ ಕೆಂಪಾಗಿದೆ, ಎಣ್ಣೆ ಹಚ್ಚಿ ತಿಕ್ಕುತ್ತಿದ್ದೇನೆ ಎಂದು. ಇಡೀ ಪತ್ರದಲ್ಲಿ ನನ್ನನ್ನು ಎಬ್ಬಿಸಿ ಕೂರಿಸಿದ್ದು ಆ ಸಾಲು. ತಿಕ್ಕುವುದನ್ನು ಇವತ್ತೇ ನಿಲ್ಲಿಸಿ. ಆ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪು ಹೋಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದು ತಿಳಿಯಿರಿ. ಅತ್ತೆಯ ಬಣ್ಣ ಕಪ್ಪಾದರೆ ಇದು ಸರಿಯಾಗಿ ಕಾಣುವುದಿಲ್ಲ, ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಆ ಜಾಗದ ಮೇಲೆ ಭಾರ ಬೀಳದ ಹಾಗೆ ದಿಂಬು ಕೊಡಿ, ಮೀನಖಂಡದ ಕೆಳಗೊಂದು ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ. ಬಟ್ಟೆ ಒದ್ದೆಯಾದ ಕೂಡಲೇ ಬದಲಿಸಿ. ಉಂಗುರದಂಥ ಗಾಳಿದಿಂಬು ತರಬೇಡಿ, ಅದರ ಅಂಚೇ ಒತ್ತುತ್ತದೆ. ಸಿಸ್ಟರ್ ಮುಂದಿನ ತಿಂಗಳು ಬರುವವರೆಗೆ ಕಾಯಬೇಡಿ, ಇವತ್ತೇ ಫೋನ್ ಮಾಡಿ ಬರಹೇಳಿ. ಒತ್ತಿ ನೋಡಿದಾಗ ಏನು ಕಂಡಿತು ಎಂದು ನನಗೂ ಸಂಜೆ ಫೋನ್ ಮಾಡಿ. ಡ್ಯೂಟಿ ಏಳಕ್ಕೆ ಮುಗಿಯುತ್ತದೆ.



ನಿಮ್ಮ
ವಸುಧಾ